ಡಯಾಲಿಸಿಸ್ ಶುರುವಾದ ಮನೆಯವರಿಗೆ ಒಂದಿಷ್ಟು ಕಿವಿಮಾತು

ನಮ್ಮ ಮನೆಯಾಕೆಯನ್ನು ವರ್ಷಗಟ್ಟಲೆ ಡಯಾಲಿಸಿಸ್‌ಗೆ ಕರೆದುಕೊಂಡು ಓಡಾಡಿದವನು ನಾನು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ, ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಘಟಕದ ಹೊರಗಿನ ಬೆಂಚಿನ ಮೇಲೆ ಕೂತ ಮಕ್ಕಳು, ಸೊಸೆಯಂದಿರು ಈಗಲೂ ಸಿಕ್ಕಿದಾಗ "ಮುಂದೆ ಹೆಂಗೆ ಯಜಮಾನ್ರೇ?" ಅಂತ ಕೇಳುತ್ತಾರೆ. ಪರದೇಶದಲ್ಲಿರುವ ನಮ್ಮ ಹುಡುಗರು ಫೋನಿನಲ್ಲಿ "ಇಲ್ಲಿ ಹಿಂಗೆ ಮಾಡ್ತಾರೆ, ಅಲ್ಯಾಕೆ ಹಂಗೆ?" ಅಂತ ಕೇಳುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಯಂತ್ರ ಎಲ್ಲ ದೇಶದಲ್ಲೂ ಅದೇ ಕೆಲಸ ಮಾಡುತ್ತದೆ, ನಾಲ್ಕು ಗಂಟೆ ರಕ್ತ ಶುದ್ಧಿ ಮಾಡಿ ಕಳಿಸುತ್ತದೆ. ವಾರದ ಮಿಕ್ಕ ನೂರೈವತ್ತಕ್ಕೂ ಹೆಚ್ಚು ಗಂಟೆ ರೋಗಿ ಇರುವುದು ಮನೆಯಲ್ಲಿ. ಆ ಗಂಟೆಗಳನ್ನು ಒಂದೊಂದು ದೇಶ ಒಂದೊಂದು ರೀತಿ ಕಾಪಾಡಿಕೊಂಡಿದೆ. ಅವರಿಂದ ನಮಗೆ ಒಗ್ಗುವುದನ್ನು ಎತ್ತಿಕೊಳ್ಳೋಣ.

• ಪಾಳಿ ತಪ್ಪಿಸಬೇಡಿ. ಅಮೆರಿಕ, ಜಪಾನ್, ಇಂಗ್ಲೆಂಡಿನಲ್ಲಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಎಂಬುದು ರೂಢಿ. ನಮ್ಮ ಕಡೆ ಬಹಳ ಜನರಿಗೆ ಎರಡೇ ಸಲ. ಯಂತ್ರ ಸಾಲದು, ಊರು ದೂರ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳುವವರಲ್ಲೇ, ಎರಡು ದಿನ ಬಿಡುವು ಬೀಳುತ್ತದಲ್ಲ, ಅದರ ಮಾರನೆಯ ದಿನ ಸಾವು ಹೆಚ್ಚು ಎಂದು ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ನಮ್ಮವರಿಗೆ ಆ ಬಿಡುವು ಇನ್ನೂ ಉದ್ದ. ಹಾಗಾಗಿ ಊಟ, ನೀರಿನ ವಿಷಯದಲ್ಲಿ ಅಮೆರಿಕದವರಿಗಿಂತ ನಾವೇ ಹೆಚ್ಚು ಬಿಗಿಯಾಗಿರಬೇಕು. ಮೂರನೆಯ ಪಾಳಿ ಬೇಕು ಎಂದು ಡಾಕ್ಟರು ಹೇಳಿದರೆ ಘಟಕದಲ್ಲಿ ಹೆಸರು ಬರೆಸಿ, ಬಿಡದೆ ಕೇಳಿ. "ಬಸ್ಸು ಹೋಗಿಬಿಡುತ್ತೆ, ಅರ್ಧ ಗಂಟೆ ಮುಂಚೆ ಬಿಡಿ ಸಿಸ್ಟರ್" ಅನ್ನುವ ಅಭ್ಯಾಸವನ್ನು ಮೊದಲ ವಾರದಿಂದಲೇ ದೂರ ಇಡಿ. ಆ ಅರ್ಧ ಗಂಟೆಯಲ್ಲಿ ಹೋಗಬೇಕಾದ ನೀರು ಮೈಯಲ್ಲೇ ಉಳಿಯುತ್ತದೆ.

• ಆ ಪಾಳಿಯ ಬೆಲೆ ಎಷ್ಟು ಅಂತ ತಿಳಿದಿರಲಿ. 1962ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಯಂತ್ರಗಳು ಬೆರಳೆಣಿಕೆಯಷ್ಟಿದ್ದವು. ಯಾರಿಗೆ ಡಯಾಲಿಸಿಸ್, ಯಾರಿಗೆ ಇಲ್ಲ ಎಂದು ಊರಿನ ಕೆಲವರ ಸಮಿತಿಯೊಂದು ಕೂತು ತೀರ್ಮಾನಿಸುತ್ತಿತ್ತು. ಹತ್ತು ವರ್ಷದ ಮೇಲೆ, 1972ರಲ್ಲಿ, ಅಲ್ಲಿನ ಸರ್ಕಾರ ಕಾನೂನು ಮಾಡಿ ಖರ್ಚನ್ನು ತಾನೇ ಹೊತ್ತುಕೊಂಡಿತು. ನಮ್ಮ ದೇಶದಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದದ್ದು 2016ರಲ್ಲಿ. ಬಿಪಿಎಲ್ ಕಾರ್ಡಿನವರಿಗೆ ಸರ್ಕಾರಿ ಕೇಂದ್ರದಲ್ಲಿ ಈಗ ಡಯಾಲಿಸಿಸ್ ಉಚಿತ. ಬರಲಾಗದಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿ. ಇನ್ನೊಂದು ಮನೆಯವರು ಆ ಹಾಸಿಗೆಗೆ ಕಾದಿರುತ್ತಾರೆ.

• ಫಿಸ್ಟುಲಾ ಕೈಯನ್ನು ಮನೆಯವರೆಲ್ಲ ಸೇರಿ ಕಾಯಬೇಕು. ಮಣಿಕಟ್ಟಿನ ಹತ್ತಿರವೋ ಮೊಣಕೈ ಹತ್ತಿರವೋ ಎರಡು ರಕ್ತನಾಳ ಸೇರಿಸಿ ಹೊಲಿಯುವ ಈ ವಿಧಾನವನ್ನು ನ್ಯೂಯಾರ್ಕಿನ ವೈದ್ಯರು 1966ರಲ್ಲಿ ಪ್ರಕಟಿಸಿದರು. ಇವತ್ತಿಗೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಜಪಾನಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ಫಿಸ್ಟುಲಾ ಇರುತ್ತದೆ. ಅಲ್ಲಿನ ರೋಗಿಗಳು ಬಹಳ ವರ್ಷ ಬದುಕುವುದಕ್ಕೆ ಇದೂ ಒಂದು ಕಾರಣ. ನಮ್ಮ ಕಡೆ ಉಸಿರು ಕಟ್ಟಿಕೊಂಡು ತುರ್ತಿನಲ್ಲಿ ಬರುವವರೇ ಹೆಚ್ಚು, ಆಗ ಕುತ್ತಿಗೆಗೆ ಪೈಪು ಹಾಕದೆ ಬೇರೆ ದಾರಿ ಇರುವುದಿಲ್ಲ. ಪೈಪು ಹಾಕಿದ ವಾರವೇ "ಫಿಸ್ಟುಲಾ ಯಾವಾಗ?" ಅಂತ ಕೇಳಿ. ಆಪರೇಷನ್ ಆದ ಮೇಲೆ ಸೂಜಿ ಚುಚ್ಚುವಷ್ಟು ಪಕ್ವವಾಗಲು ಆರೆಂಟು ವಾರ ಹಿಡಿಯುತ್ತದೆ. ಅಷ್ಟು ದಿನ ಡಾಕ್ಟರು ಹೇಳಿದಂತೆ ಮೆತ್ತನೆಯ ಚೆಂಡು ಹಿಸುಕುತ್ತಿರಬೇಕು.

ದಿನಾ ಬೆಳಗ್ಗೆ ಎದ್ದ ಕೂಡಲೇ ಆ ಜಾಗದ ಮೇಲೆ ಬೆರಳಿಟ್ಟು ನೋಡಿ. ಒಳಗೆ ಜುಮುಜುಮು ಅಂತ ನಡುಗುತ್ತಿರಬೇಕು, ಕಿವಿಯಿಟ್ಟರೆ ಭುಸ್ ಭುಸ್ ಎಂಬ ಸದ್ದು ಕೇಳಬೇಕು. ನಮ್ಮ ಮನೆಯಲ್ಲಿ ಮೊಮ್ಮಗಳೇ ಕಾಫಿಗೆ ಮುಂಚೆ ಅಜ್ಜಿಯ ಕೈ ಹಿಡಿದು ಕಿವಿಯಿಡುತ್ತಿದ್ದಳು. ಸದ್ದು ನಿಂತಿದ್ದರೆ ಮುಂದಿನ ಪಾಳಿಗೆ ಕಾಯಬೇಡಿ, ಅವತ್ತೇ ಹೊರಡಿ. ಬೇಗ ಹೋದರೆ ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ಆ ಕೈಗೆ ಬಿಪಿ ಪಟ್ಟಿ, ರಕ್ತ ತೆಗೆಯುವ ಸೂಜಿ, ಡ್ರಿಪ್, ಬಿಗಿ ಬಳೆ, ವಾಚು ಯಾವುದೂ ಬೇಡ. ಆ ಕೈಯನ್ನು ಅದುಮಿಕೊಂಡು ಮಲಗಬಾರದು. ಹಸುವಿನ ಹಗ್ಗ ಸುತ್ತಿಕೊಳ್ಳಬಾರದು, ಕಬ್ಬಿನ ಹೊರೆ, ನೀರಿನ ಕೊಡ ಎತ್ತಬಾರದು. ರಕ್ತ ಚಿಮ್ಮಿದರೆ ಸಣ್ಣ ಬಟ್ಟೆಯಿಟ್ಟು ಬೆರಳಿನಿಂದ ನೇರ ಒತ್ತಿ ಹಿಡಿದು, ಕೈ ಮೇಲೆತ್ತಿ, 108ಕ್ಕೆ ಫೋನ್ ಮಾಡಿ. ಕಾಫಿಪುಡಿ, ಅರಿಶಿನ ತುಂಬಬೇಡಿ.

ಪೈಪು ಇರುವವರು ಅದಕ್ಕೆ ನೀರು ತಾಕದಂತೆ ಸ್ನಾನ ಮಾಡಬೇಕು. ಚಳಿ ಬಂದು ಮೈ ನಡುಗಿದರೆ ಊರಿನ ಅಂಗಡಿಯ ಜ್ವರದ ಮಾತ್ರೆ ನುಂಗಿ ಮಲಗಬೇಡಿ. ಪೈಪಿನ ಸೋಂಕು ರಕ್ತಕ್ಕೆ ಇಳಿದಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.

• ನೀರಿಗೆ ಲೆಕ್ಕ ಇರಲಿ. ಹಿಂದಿನ ದಿನ ಎಷ್ಟು ಮೂತ್ರ ಹೋಯಿತೋ ಅಷ್ಟು, ಅದರ ಮೇಲೆ ಅರ್ಧ ಲೀಟರು. ಸಾಮಾನ್ಯವಾಗಿ ಡಾಕ್ಟರು ಕೊಡುವ ಅಳತೆ ಇದು. ಕಾಫಿ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲವೂ ಆ ಲೆಕ್ಕಕ್ಕೆ ಸೇರಬೇಕು. ಬೆಳಗ್ಗೆಯೇ ಒಂದು ಬಾಟಲಿಗೆ ತುಂಬಿಟ್ಟು, ಬೇರೆ ಏನು ಕುಡಿದರೂ ಅಷ್ಟು ನೀರನ್ನು ಅದರಿಂದ ಚೆಲ್ಲಿಬಿಡಿ. ದಾಹ ಹುಟ್ಟಿಸುವುದು ಉಪ್ಪು. ಜಪಾನಿನ ವೈದ್ಯರು ಡಯಾಲಿಸಿಸ್ ರೋಗಿಗೆ ದಿನಕ್ಕೆ ಆರು ಗ್ರಾಮಿಗಿಂತ ಕಡಿಮೆ ಉಪ್ಪು ಅನ್ನುತ್ತಾರೆ. ನಮ್ಮ ಉಪ್ಪೆಸರು, ಉಪ್ಪಿನಕಾಯಿ, ಹಪ್ಪಳ, ಜೊತೆಗೊಂದು ಮದ್ದೂರು ವಡೆ ಸೇರಿದರೆ ಅದು ಎಲ್ಲಿ ನಿಂತೀತು? ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಸಲೀಸು ಅನ್ನಿಸಿದರೆ ಅದು ಶ್ವಾಸಕೋಶಕ್ಕೆ ನೀರು ತುಂಬಿದ ಗುರುತು. ಬೆಳಗಾಗಲಿ ಎನ್ನಬೇಡಿ.

• ಎಳನೀರು ಬೇಡ. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಎಳನೀರು ಮಾರುಕಟ್ಟೆ ನಮ್ಮ ಮದ್ದೂರಿನದು. ನೋಡಲು ಬಂದವರೆಲ್ಲ ಕೈಯಲ್ಲಿ ಎರಡು ಎಳನೀರು ಹಿಡಿದೇ ಬರುತ್ತಾರೆ, "ತಂಪು ಕಣವ್ವ, ಕುಡಿ" ಅನ್ನುತ್ತಾರೆ. ಅವರ ಪ್ರೀತಿ ದೊಡ್ಡದು. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಿರುತ್ತದೆ, ಕಿಡ್ನಿ ಅದನ್ನು ಹೊರಗೆ ಹಾಕಲಾರದು, ರಕ್ತದಲ್ಲಿ ಅದು ಏರಿದರೆ ಹೃದಯ ಮುನ್ಸೂಚನೆಯಿಲ್ಲದೆ ನಿಂತುಬಿಡಬಹುದು. ಬಂದವರಿಗೆ ಇದನ್ನು ಮನೆಯವರೇ ಹೇಳಿ, ರೋಗಿಯ ಬಾಯಲ್ಲಿ ಹೇಳಿಸಬೇಡಿ. ಬಾಳೆಹಣ್ಣು, ಆಲೆಮನೆಯ ಬೆಲ್ಲ, ಕಬ್ಬಿನ ಹಾಲು, ಹಣ್ಣಿನ ಜ್ಯೂಸುಗಳಿಗೂ ಇದೇ ಮಾತು. ಕಮರಾಕ್ಷಿ ಹಣ್ಣನ್ನಂತೂ, ಅಡ್ಡಕ್ಕೆ ಕೊಯ್ದರೆ ನಕ್ಷತ್ರದ ಹಾಗೆ ಕಾಣುತ್ತದಲ್ಲ ಅದನ್ನು, ಬಾಯಿಗೂ ಇಡಬಾರದು. ಕಿಡ್ನಿ ಕೆಟ್ಟವರ ಮೆದುಳಿಗೆ ಅದು ವಿಷ. ಅಂಗಡಿಯಲ್ಲಿ "ಸೋಡಿಯಂ ಕಡಿಮೆ" ಎಂದು ಮಾರುವ ಉಪ್ಪನ್ನು ಒಳ್ಳೆಯದೆಂದು ತರಬೇಡಿ, ಸೋಡಿಯಂ ತೆಗೆದ ಜಾಗಕ್ಕೆ ಅದರಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ.

• ಇನ್ನು ಬಸ್ಸಾರು. ಇದನ್ನು ಸೊಸೆಯಂದಿರು ಗಮನವಿಟ್ಟು ಕೇಳಬೇಕು. ಪರದೇಶದ ಆಸ್ಪತ್ರೆಗಳಲ್ಲಿ ಆಹಾರ ತಜ್ಞರು ಹೇಳಿಕೊಡುವುದು ತರಕಾರಿ ಹೆಚ್ಚಿ, ಬಹಳ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಎಂದು. ಪೊಟ್ಯಾಸಿಯಂ ನೀರಿಗೆ ಇಳಿದು ಹೋಗುತ್ತದೆ. ನಾವು ಮಾಡುವುದು ಸರಿಯಾಗಿ ತಿರುಗುಮುರುಗು. ಸೊಪ್ಪು ಕಾಳು ಬೇಯಿಸಿ, ನೀರು ಬಸಿದು, ಆ ಬಸಿದ ಕಟ್ಟಿನಲ್ಲೇ ಸಾರು ಮಾಡುತ್ತೇವೆ. ಮನೆಮಂದಿಗೆಲ್ಲ ಬಸ್ಸಾರು ಮಾಡಿ, ಅಡ್ಡಿಯಿಲ್ಲ. ರೋಗಿಗೆ ಮಾತ್ರ ಬಸಿದ ಮೇಲಿನ ಪಲ್ಯವನ್ನು ಉಪ್ಪು ಕಡಿಮೆ ಹಾಕಿ ಒಗ್ಗರಣೆ ಕೊಟ್ಟು ಬಡಿಸಿ, ಸಾರು ಬಡಿಸಬೇಡಿ. ಕಾಳು ಎಷ್ಟಿರಬೇಕು ಎಂದು ಡಾಕ್ಟರನ್ನು ಕೇಳಿ. ಮುದ್ದೆಯನ್ನು ಪೂರಾ ಬಿಡಬೇಕಿಲ್ಲ. ರಾಗಿಯಲ್ಲಿ ಪೊಟ್ಯಾಸಿಯಂ, ರಂಜಕ ಎರಡೂ ಅಕ್ಕಿಗಿಂತ ಹೆಚ್ಚು, ಆದ್ದರಿಂದ ಸಣ್ಣ ಮುದ್ದೆ, ಮಿಕ್ಕ ಹೊಟ್ಟೆಗೆ ಅನ್ನ. ತಿಂಗಳ ರಕ್ತಪರೀಕ್ಷೆಯ ಫಲಿತಾಂಶ ನೋಡಿಕೊಂಡು ಹೆಚ್ಚು ಕಡಿಮೆ ಮಾಡಿಕೊಳ್ಳಿ.

• ಪಥ್ಯದ ಹೆಸರಲ್ಲಿ ರೋಗಿಯನ್ನು ಸೊರಗಿಸಬೇಡಿ. ಡಯಾಲಿಸಿಸ್‌ಗೆ ಮುಂಚೆ ಡಾಕ್ಟರು "ಪ್ರೋಟೀನ್ ಕಡಿಮೆ" ಅಂದಿರುತ್ತಾರೆ. ಶುರುವಾದ ಮೇಲೆ ಲೆಕ್ಕ ತಲೆಕೆಳಗು, ಯಂತ್ರದಲ್ಲಿ ಒಂದಿಷ್ಟು ಪ್ರೋಟೀನೂ ಹೊರಟುಹೋಗುತ್ತದೆ. ದಿನಕ್ಕೆ ದೇಹದ ತೂಕದ ಒಂದೊಂದು ಕಿಲೋಗೆ ಒಂದು ಗ್ರಾಮಿಗಿಂತ ಕಡಿಮೆ ಆಗಬಾರದು. ಅಂದರೆ ಐವತ್ತು ಕೆಜಿ ಹೆಂಗಸಿಗೆ ಐವತ್ತರಿಂದ ಅರವತ್ತು ಗ್ರಾಂ ಪ್ರೋಟೀನು. ಮೊಟ್ಟೆಯ ಬಿಳಿ, ಕೋಳಿ, ಮೀನು ಒಳ್ಳೆಯದು. ಮಳವಳ್ಳಿ ಸೀಮೆಯವರಿಗೆ ಬಂಡೂರು ಕುರಿಯ ಮಾಂಸ ಬಿಡಿ ಅನ್ನುವುದು ಕಷ್ಟ. ಬಿಡಬೇಡಿ, ನಾಲ್ಕು ತುಂಡು ತಿನ್ನಲಿ, ಕಾಲು ಸೂಪು ಬೇಡ. ಅಮೆರಿಕದಂಥ ದೇಶದಲ್ಲಿ ಘಟಕಕ್ಕೊಬ್ಬರು ಆಹಾರ ತಜ್ಞರಿರುತ್ತಾರೆ, ತಿಂಗಳಿಗೊಮ್ಮೆ ಹಾಸಿಗೆಯ ಪಕ್ಕ ಬಂದು ಮಾತಾಡುತ್ತಾರೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಇದು ಬರಲೇಬೇಕು.

• ಒಂದು ನೋಟ್‌ಬುಕ್ ಇಡಿ. ಜಪಾನಿನ ರೋಗಿಗಳು ತಮ್ಮ ಡಯಾಲಿಸಿಸ್ ಕೈಪುಸ್ತಕವನ್ನು ಜೊತೆಯಲ್ಲಿ ಒಯ್ಯುತ್ತಾರೆ. ನಮಗೆ ನಲವತ್ತು ಪುಟದ ಶಾಲಾ ನೋಟ್‌ಬುಕ್ ಸಾಕು. ಬರುವಾಗ ತೂಕ, ಹೋಗುವಾಗ ತೂಕ, ಡಾಕ್ಟರು ಹೇಳಿದ ಡ್ರೈ ವೇಟ್ (ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ), ಬಿಪಿ, ಹಿಮೋಗ್ಲೋಬಿನ್, ಪೊಟ್ಯಾಸಿಯಂ, ರಂಜಕ, ಹೆಪಟೈಟಿಸ್ ಪರೀಕ್ಷೆಯ ತಾರೀಕು, ಮಾತ್ರೆಗಳ ಹೆಸರು ಇಷ್ಟನ್ನು ಅದರಲ್ಲಿ ಬರೆಯಿರಿ. ಡಯಾಲಿಸಿಸ್ ದಿನ ಬೆಳಗ್ಗೆ ಬಿಪಿ ಮಾತ್ರೆ ತಗೋಬೇಕೋ ಬೇಡವೋ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಮಂಡಿನೋವು, ಸೊಂಟನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆ, ಹೆಸರಿಲ್ಲದ ಪುಡಿ ಕಷಾಯ ಎರಡೂ ಮಿಕ್ಕಿರುವ ಮೂತ್ರವನ್ನೂ ನಿಲ್ಲಿಸಿಬಿಡಬಹುದು.

• ಡಯಲೈಸರ್, ಅಂದರೆ ಯಂತ್ರಕ್ಕೆ ಹಾಕುವ ರಕ್ತ ಸೋಸುವ ಕೊಳವೆಯ ವಿಷಯ ಕೇಳಲು ಸಂಕೋಚ ಬೇಡ. ಅಮೆರಿಕ, ಯೂರೋಪು, ಜಪಾನಿನಲ್ಲಿ ಹೆಚ್ಚಾಗಿ ಒಮ್ಮೆ ಬಳಸಿ ಬಿಸಾಡುತ್ತಾರೆ. ನಮ್ಮಲ್ಲಿ ತೊಳೆದು ಅದೇ ರೋಗಿಗೆ ಮತ್ತೆ ಬಳಸುವುದು ಬಹುಕಾಲದಿಂದ ಇದೆ. ಕರ್ನಾಟಕದ ಸರ್ಕಾರಿ ಕೇಂದ್ರಗಳಿಗೆ ಏಕಬಳಕೆಯ ಡಯಲೈಸರ್ ಬರತೊಡಗಿದ್ದು 2024ರಲ್ಲಿ. ತೊಳೆದು ಬಳಸುವ ಕಡೆ, ಯಂತ್ರಕ್ಕೆ ಹಾಕುವ ಮುಂಚೆ ಅದರ ಮೇಲಿರುವ ಹೆಸರನ್ನು ನೀವೇ ಓದಿ ನೋಡಿ. ಹೆಪಟೈಟಿಸ್ ಬಿ ಲಸಿಕೆ ತಪ್ಪದೆ ಹಾಕಿಸಿ. ಡಯಾಲಿಸಿಸ್ ರೋಗಿಗೆ ಅದರ ಪ್ರಮಾಣ ಬೇರೆಯವರಿಗಿಂತ ಹೆಚ್ಚಿರುತ್ತದೆ. ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಯಂತ್ರವೇ ಇರಬೇಕು. ರಕ್ತ ಕಡಿಮೆ ಎಂದಾಗ ಮೊದಲು ಎರಿತ್ರೋಪೊಯಿಟಿನ್ ಇಂಜೆಕ್ಷನ್, ಕಬ್ಬಿಣಾಂಶದ ಇಂಜೆಕ್ಷನ್ ಬಗ್ಗೆ ಕೇಳಿ. ಮೇಲಿಂದ ಮೇಲೆ ರಕ್ತ ಹಾಕಿಸಿದರೆ ಮುಂದೆ ಕಿಡ್ನಿ ಕಸಿಗೆ ಹೊಂದಾಣಿಕೆ ಸಿಗುವುದು ಕಷ್ಟವಾಗುತ್ತದೆ.

• ಓಡಾಟವೇ ಅರ್ಧ ಕಾಯಿಲೆ. ಇಂಗ್ಲೆಂಡಿನಲ್ಲಿ ಅನೇಕ ರೋಗಿಗಳನ್ನು ಆಸ್ಪತ್ರೆಯ ಗಾಡಿಯೇ ಮನೆಯಿಂದ ಕರೆದೊಯ್ದು ಬಿಡುತ್ತದೆ. ಹಲಗೂರಿನಿಂದಲೋ ಬೆಳಕವಾಡಿಯಿಂದಲೋ ಬರುವವರಿಗೆ ಆ ಭಾಗ್ಯ ಇಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದದ್ದು ಈ ರೋಗಿಗಳಿಗೆ ದೊಡ್ಡ ಉಪಕಾರ. ಮಂಡ್ಯ, ಮದ್ದೂರಿನಿಂದ ಮೈಸೂರು ಅಥವಾ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ಒಂದು ವಿಷಯ ತಿಳಿದಿರಿ: ಡಯಾಲಿಸಿಸ್‌ಗೆ ಅಥವಾ ಕಿಡ್ನಿ ಕಸಿಗೆ ಹೋಗುವ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಎರಡನೇ ದರ್ಜೆ, ಸ್ಲೀಪರ್‌ಗಳಲ್ಲಿ ಶೇ. 75 ರಿಯಾಯಿತಿ ಇದೆ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯಿಂದ ಪತ್ರ ಬರೆಸಿಕೊಳ್ಳಬೇಕು. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇಲ್ಲ. ಬೈಕು, ಆಟೋಗಳನ್ನು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬಿಡುವುದಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು, ಆ ಸಮಯವನ್ನೂ ಸೇರಿಸಿ ಹೊರಡಿ. ಮುಗಿದ ತಕ್ಷಣ ಎದ್ದು ನಡೆಸಬೇಡಿ. ಸ್ವಲ್ಪ ಹೊತ್ತು ಕೂರಿಸಿ, ಬಿಪಿ ನೋಡಿಸಿ, ಸೂಜಿ ಚುಚ್ಚಿದ ಜಾಗ ಒಣಗಿದೆಯೇ ನೋಡಿ. ರೋಗಿ ತಾನೇ ಬೈಕ್ ಓಡಿಸಿಕೊಂಡು ಹೋಗಬಾರದು.

• ಬಂದ್ ದಿನಗಳಿಗೆ ಮೊದಲೇ ತಯಾರಿ ಬೇಕು. ಕಾವೇರಿ ನೀರಿನ ಚಳವಳಿ ನಮ್ಮ ಜಿಲ್ಲೆಯ ಉಸಿರು. 2016ರ ಸೆಪ್ಟೆಂಬರಿನಲ್ಲೂ, 2023ರ ಸೆಪ್ಟೆಂಬರಿನಲ್ಲೂ ಬಂದ್ ಆಗಿ ಓಡಾಟ ನಿಂತದ್ದನ್ನು ಎಲ್ಲರೂ ಕಂಡಿದ್ದೇವೆ. 2023ರಲ್ಲಿ ಆ ತಿಂಗಳ 23ಕ್ಕೆ ಮಂಡ್ಯ ಬಂದ್, 29ಕ್ಕೆ ಕರ್ನಾಟಕ ಬಂದ್. ಅಮೆರಿಕದಲ್ಲಿ ಚಂಡಮಾರುತದ ಸುದ್ದಿ ಬಂದರೆ ಡಯಾಲಿಸಿಸ್ ಕೇಂದ್ರಗಳು ಮುಂಚಿತವಾಗಿಯೇ ಕರೆದು ಮಾಡಿ ಕಳಿಸುತ್ತವೆ, ಜೊತೆಗೆ ಮೂರು ದಿನದ ತುರ್ತು ಪಥ್ಯ ಹೇಳಿಕೊಡುತ್ತವೆ. ನೀರು ಮಾಮೂಲಿಗಿಂತ ಇನ್ನೂ ಕಡಿಮೆ, ಹಣ್ಣು ಸೊಪ್ಪು ಕಾಳು ಬಹುಪಾಲು ಬಂದ್, ಉಪ್ಪು ತೀರ ಕಡಿಮೆ. ಬಂದ್ ಸುದ್ದಿ ಕೇಳಿದ ದಿನವೇ ನೀವೂ ಪಾಳಿಯನ್ನು ಬಂದ್‌ಗಿಂತ ಮುಂಚೆಯೇ ಹಾಕಿಸಿಕೊಳ್ಳಲು ನೋಡಿ, ಆಗದಿದ್ದರೆ ಈ ಪಥ್ಯ ಹಿಡಿಯಿರಿ. "ಈತ ಡಯಾಲಿಸಿಸ್ ರೋಗಿ" ಎಂದು ಕನ್ನಡದಲ್ಲಿ ಬರೆದು ಆಸ್ಪತ್ರೆಯ ಮೊಹರು ಹಾಕಿದ ಚೀಟಿ ಜೇಬಿನಲ್ಲಿರಲಿ. ರಸ್ತೆಯಲ್ಲಿ ಕೂತವರು ನಮ್ಮವರೇ, ಚೀಟಿ ನೋಡಿದರೆ ದಾರಿ ಬಿಡುತ್ತಾರೆ.

• ಹೊಟ್ಟೆಯ ಡಯಾಲಿಸಿಸ್ ಬಗ್ಗೆ ಕೇಳಿದ್ದೀರಾ? ಹೊಟ್ಟೆಗೆ ಸಣ್ಣ ಪೈಪು ಕೂರಿಸಿ, ದಿನಕ್ಕೆ ಮೂರು ನಾಲ್ಕು ಸಲ ಸುಮಾರು ಎರಡು ಲೀಟರ್ ದ್ರಾವಣ ತುಂಬಿ, ಹಳೆಯದನ್ನು ಬಸಿಯುವುದು. ಸೂಜಿಯಿಲ್ಲ, ಕರೆಂಟು ಬೇಕಿಲ್ಲ, ಮನೆಯಲ್ಲೇ ಮಾಡಬಹುದು. ಹಾಂಗ್‌ಕಾಂಗ್ 1985ರಿಂದ ಮೊದಲ ಆಯ್ಕೆ ಇದೇ ಎಂದು ನಿಯಮ ಮಾಡಿಕೊಂಡಿತು. ಥಾಯ್ಲೆಂಡ್ 2008ರಲ್ಲಿ ಅದೇ ದಾರಿ ಹಿಡಿದು, 2022ರಲ್ಲಿ ಆಯ್ಕೆಯನ್ನು ರೋಗಿಗೇ ಬಿಟ್ಟಿತು. ನಮ್ಮ ರಾಷ್ಟ್ರೀಯ ಕಾರ್ಯಕ್ರಮಕ್ಕೂ 2019ರಲ್ಲಿ ಇದು ಸೇರಿದೆ. ಕೈ ತೊಳೆಯುವ ಶಿಸ್ತು, ದೂಳಿಲ್ಲದ ಒಂದು ಮೂಲೆ ಎರಡೂ ಇರಬೇಕು. ಇಲ್ಲದಿದ್ದರೆ ಹೊಟ್ಟೆಯೊಳಗೆ ಸೋಂಕು ಆಗುತ್ತದೆ. ಕಾವೇರಿ ದಂಡೆಯ ದೂರದ ಊರುಗಳವರು ನೆಫ್ರಾಲಜಿ ಡಾಕ್ಟರನ್ನು ಇದರ ಬಗ್ಗೆ ಒಮ್ಮೆ ಕೇಳಲೇಬೇಕು.

ಯಂತ್ರವನ್ನೇ ಊರಿಗೆ ತರಿಸಿಕೊಂಡವರೂ ಇದ್ದಾರೆ. ಆಸ್ಟ್ರೇಲಿಯದ ಮರುಭೂಮಿಯ ಮೂಲನಿವಾಸಿಗಳ ಕಥೆ ನನ್ನ ಮನಸ್ಸಿಗೆ ಬಹಳ ಹತ್ತಿರ. ಡಯಾಲಿಸಿಸ್‌ಗಾಗಿ ಅವರು ಊರುಮನೆ ಬಿಟ್ಟು ನೂರಾರು ಕಿಲೋಮೀಟರ್ ದೂರದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಇರಬೇಕಾಗಿತ್ತು. 2000ದಲ್ಲಿ ಅವರ ಕಲಾವಿದರು ಚಿತ್ರಗಳನ್ನು ಬರೆದು ಹರಾಜಿಗಿಟ್ಟರು, ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. 2004ರಲ್ಲಿ ಕಿಂಟೋರ್ ಎಂಬ ತಮ್ಮ ಹಳ್ಳಿಯಲ್ಲೇ ಯಂತ್ರ ಇಡಿಸಿದರು. ಹೀಗೆ ಹುಟ್ಟಿ ಪರ್ಪಲ್ ಹೌಸ್ ಎಂದು ಹೆಸರಾದ ಅವರ ಸಂಸ್ಥೆಗೆ ಈಗ ಡಯಾಲಿಸಿಸ್ ಯಂತ್ರ ಹೊತ್ತು ಊರೂರಿಗೆ ಹೋಗುವ ಲಾರಿಯೂ ಇದೆ. ನಮ್ಮ ಹೋಬಳಿಗಳಿಗೆ ಇಂಥದ್ದು ಬೇಕೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

• ಕಾಗದಪತ್ರ ಒಂದು ಕವರಿನಲ್ಲಿರಲಿ. ರೇಷನ್ ಕಾರ್ಡು, ಆಧಾರ್, ಆಯುಷ್ಮಾನ್ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಉಚಿತ ಸೇವೆಗೆ ಯಾರಾದರೂ ಕೈಯೊಡ್ಡಿದರೆ ಕೊಡಬೇಡಿ, ವೈದ್ಯಾಧಿಕಾರಿಗೆ ಬರೆದು ಕೊಡಿ.

• ಅಮೆರಿಕದ ಮಕ್ಕಳ ಹತ್ತಿರ ಹೋಗುವ ಆಸೆ ಇದ್ದರೆ ಮೊದಲು ಲೆಕ್ಕ ಹಾಕಿ. ಅಲ್ಲಿನ ಸರ್ಕಾರ ಡಯಾಲಿಸಿಸ್ ಖರ್ಚು ಕೊಡುವುದು ಅಲ್ಲಿ ದುಡಿದು ತೆರಿಗೆ ಕಟ್ಟಿದವರಿಗೆ, ಅವರ ಕುಟುಂಬಕ್ಕೆ. ಭೇಟಿ ವೀಸಾದಲ್ಲಿ ಹೋದ ಅಪ್ಪ ಅಮ್ಮನಿಗೆ ಅದು ದಕ್ಕುವುದಿಲ್ಲ, ಮೊದಲೇ ಇದ್ದ ಕಾಯಿಲೆಯ ಮಾಮೂಲಿ ಚಿಕಿತ್ಸೆಗೆ ಪ್ರವಾಸದ ವಿಮೆಯೂ ಸಾಮಾನ್ಯವಾಗಿ ಕೊಡುವುದಿಲ್ಲ. ಜೀವ ಎಳೆಯುತ್ತಿದ್ದರೆ ಮಕ್ಕಳೇ ಇಲ್ಲಿಗೆ ಬರಲಿ.

• ಕಿಡ್ನಿ ಕಸಿಯ ಮಾತನ್ನು ಮುಂದೂಡಬೇಡಿ. ಆಗುವಂಥವರಿಗೆ ಡಯಾಲಿಸಿಸ್‌ಗಿಂತ ಅದು ಮೇಲು. ಅಪ್ಪ, ಅಮ್ಮ, ಒಡಹುಟ್ಟಿದವರು, ಗಂಡ, ಹೆಂಡತಿ, ಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು ಕೊಡಬಹುದು. ನಮ್ಮ ದೇಶದಲ್ಲಿ ಕೊಡುವವರು ಬಹುಪಾಲು ಹೆಂಗಸರು, ಪಡೆಯುವವರು ಬಹುಪಾಲು ಗಂಡಸರು. ಹೆಣ್ಣುಮಗಳಿಗೆ ಕಿಡ್ನಿ ಹೋದಾಗ ಅಣ್ಣತಮ್ಮಂದಿರೂ ಗಂಡನೂ ಮುಂದೆ ಬನ್ನಿ. ಮನೆಯಲ್ಲಿ ಯಾರೂ ಹೊಂದದಿದ್ದರೆ, ಕಸಿ ಮಾಡುವ ಆಸ್ಪತ್ರೆಯ ಮೂಲಕ ರಾಜ್ಯದ ಅಂಗದಾನ ಸಂಸ್ಥೆ 'ಜೀವಸಾರ್ಥಕತೆ'ಯ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ. ಬೆಂಗಳೂರಿನ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ ಸರ್ಕಾರದ್ದೇ. ದುಡ್ಡು ಕೊಟ್ಟರೆ ಕಿಡ್ನಿ ಕೊಡಿಸುತ್ತೇನೆ ಎಂದು ಬರುವವನನ್ನು ಹೊಸ್ತಿಲು ದಾಟಿಸಬೇಡಿ. 1994ರ ಕಾನೂನಿನಂತೆ ಮಾರುವವರು, ಕೊಳ್ಳುವವರು, ನಡುವಿನವರು ಎಲ್ಲರಿಗೂ ಜೈಲು.

• ರೋಗಿ "ಸಾಕಪ್ಪ" ಅಂದಾಗ ಗದರಬೇಡಿ, ಕೂತು ಕೇಳಿ. ಕೆಲವೊಮ್ಮೆ ಅದು ಮೈಕೈ ನೋವು, ಕೆಲವೊಮ್ಮೆ ಮಕ್ಕಳಿಗೆ ಹೊರೆಯಾದೆ ಎಂಬ ಸಂಕಟ. ಎರಡಕ್ಕೂ ದಾರಿ ಇದೆ. ವಯಸ್ಸು ಬಹಳ ಆಗಿ, ಬೇರೆ ಕಾಯಿಲೆಗಳೂ ಹಣ್ಣು ಮಾಡಿದ್ದರೆ, ಡಯಾಲಿಸಿಸ್ ಇಲ್ಲದೆ ನೋವು, ಉಸಿರಾಟ ನೋಡಿಕೊಳ್ಳುವ ಆರೈಕೆಯ ಬಗ್ಗೆ ಇಂಗ್ಲೆಂಡ್, ಆಸ್ಟ್ರೇಲಿಯದ ವೈದ್ಯರು ರೋಗಿಯ ಮುಂದೆಯೇ ಮಾತಾಡುತ್ತಾರೆ. ನಮ್ಮಲ್ಲಿ ಮಗನನ್ನು ಹೊರಗೆ ಕರೆದು ಹೇಳುತ್ತಾರೆ. ಜೀವ ಯಾರದೋ ಅವರ ಮುಂದೆಯೇ ಮಾತಾಗಬೇಕು ಎಂಬುದು ನನ್ನ ಅಭಿಪ್ರಾಯ.

• ಕೊನೆಯದಾಗಿ, ಮನೆಯಲ್ಲಿ ಮಿಕ್ಕವರ ಕಿಡ್ನಿ. ಸಕ್ಕರೆ ಕಾಯಿಲೆ, ಬಿಪಿ ಎರಡೇ ಹೆಚ್ಚಿನವರನ್ನು ಈ ಹಾಸಿಗೆಗೆ ತಂದು ಮಲಗಿಸುವುದು. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್‌ನಲ್ಲಿ ಇವೆರಡೂ ಇಲ್ಲದ ಹರೆಯದ ಕಬ್ಬು ಕಡಿಯುವವರಿಗೂ ಕಿಡ್ನಿ ಹೋಗಿದೆ. ಉರಿಬಿಸಿಲಿನಲ್ಲಿ ದಣಿದು, ಮೈ ನೀರು ಬತ್ತುವುದು ಅದಕ್ಕೆ ಮುಖ್ಯ ಕಾರಣ ಎಂದು ತಜ್ಞರು ಹೇಳುತ್ತಾರೆ. ಅಲ್ಲಿ ಈಗ ನೀರು, ನೆರಳು, ವಿಶ್ರಾಂತಿ ಕೊಟ್ಟು ಕೆಲಸ ಮಾಡಿಸುವ ಪದ್ಧತಿ ಬಂದಿದೆ. ನಮ್ಮ ಗದ್ದೆಯಲ್ಲಿ ಕಬ್ಬು ಕಡಿಯುವವರಿಗೂ ಗಂಟೆಗೊಮ್ಮೆ ನೀರು ಕೊಡಿ, ನೆತ್ತಿ ಬಿಸಿಲಿನಲ್ಲಿ ಕೆಲಸ ನಿಲ್ಲಿಸಿ. ಸಕ್ಕರೆ ಅಥವಾ ಬಿಪಿ ಇರುವವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ಹೋಗಿರುವವರು ವರ್ಷಕ್ಕೊಮ್ಮೆ ಮೂತ್ರದಲ್ಲಿ ಪ್ರೋಟೀನು, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ರೋಗಿಯನ್ನು ಒಳಗೆ ಬಿಟ್ಟು ಹೊರಗೆ ನಾಲ್ಕು ಗಂಟೆ ಕಾಯುತ್ತೀರಲ್ಲ, ಅದೇ ಆಸ್ಪತ್ರೆಯ ಲ್ಯಾಬ್‌ನಲ್ಲಿ ಈ ವಾರವೇ ನಿಮ್ಮದೂ ಮಾಡಿಸಿ.